ಹಿಂಪಟ್ಟಿಯ ಎಂಸಿಆರ್ ಚಪ್ಪಲಿ: ಅರವತ್ತು ದಾಟಿದ ಕಾಲಿಗೆ ಎಷ್ಟು ಹೊಂದುತ್ತದೆ?

ಜಯನಗರ ನಾಲ್ಕನೇ ಬ್ಲಾಕ್, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಗಾಂಧಿ ಬಜಾರ್, ರಾಜಾಜಿನಗರ. ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಚಪ್ಪಲಿ ಅಂಗಡಿಯ ಒಂದು ಮೂಲೆ ವಯಸ್ಸಾದವರಿಗೆಂದೇ ಮೀಸಲು. ಕಂದು ಇಲ್ಲವೇ ಕಪ್ಪು ಬಣ್ಣ, ಅಗಲ ಪಟ್ಟಿ, ದಪ್ಪ ಸೋಲ್, ಡಬ್ಬದ ಮೇಲೆ ‘ಆರ್ಥೋ’ ಅಂತಲೋ ‘ಡಯಾಬಿಟಿಕ್’ ಅಂತಲೋ ದೊಡ್ಡ ಅಕ್ಷರ. ಬೆಲೆ ಸುಮಾರು 400 ರೂಪಾಯಿಯಿಂದ 1,500ರವರೆಗೆ. ಕೊಳ್ಳಲು ಬಂದವರು ಎಲ್ಲದಕ್ಕೂ ಒಂದೇ ಹೆಸರು ಹೇಳುತ್ತಾರೆ: ‘ಎಂಸಿಆರ್ ಚಪ್ಪಲಿ ಕೊಡಿ.’

ಈ ವಿಮರ್ಶೆ ಯಾವುದೇ ಒಂದು ಕಂಪನಿಯದ್ದಲ್ಲ, ಆ ಬಗೆಯ ಚಪ್ಪಲಿಯದ್ದು. ಅದರಲ್ಲೂ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಮಾದರಿಯದ್ದು. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂಪಟ್ಟಿ ಇದ್ದು, ಅಳತೆ ಸರಿಯಾಗಿದ್ದರೆ ಈ ದುಡ್ಡಿಗೆ ವಯಸ್ಸಾದವರ ಕಾಲಿಗೆ ಇದಕ್ಕಿಂತ ಒಳ್ಳೆಯ ಪಾದರಕ್ಷೆ ಸಿಗುವುದು ಕಷ್ಟ. ಹಿಂಪಟ್ಟಿ ಇಲ್ಲದ ಎಂಸಿಆರ್ ಚಪ್ಪಲಿ ನೋವಿಗೆ ಒಂದಿಷ್ಟು ಆರಾಮ ಕೊಡಬಹುದು, ಬೀಳುವುದನ್ನು ತಪ್ಪಿಸುವುದಿಲ್ಲ. ಅಂಗಡಿಯಲ್ಲಿ ಮಾರುವವರೂ ಕೊಳ್ಳುವವರೂ ‘ಎಷ್ಟು ಮೆತ್ತಗಿದೆ ನೋಡಿ’ ಅನ್ನುವುದೊಂದನ್ನೇ ನೋಡುತ್ತಾರೆ. ತಕರಾರು ಇರುವುದು ಅಲ್ಲೇ.

ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ರಬ್ಬರಿನೊಳಗೆ ತೀರಾ ಸಣ್ಣ ಗಾಳಿಗುಳ್ಳೆಗಳು ಪ್ರತ್ಯೇಕ ಪ್ರತ್ಯೇಕವಾಗಿ ಮುಚ್ಚಿಕೊಂಡಿರುತ್ತವೆ. ಒತ್ತಿದರೆ ಕುಗ್ಗುತ್ತದೆ, ಕೈ ತೆಗೆದರೆ ಏಳುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಹುಟ್ಟಿದ ಪಾದರಕ್ಷೆ ಇದಲ್ಲ. ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಹುಣ್ಣಾಗದಂತೆ ತಡೆಯಲು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಇಂಥ ಚಪ್ಪಲಿಯನ್ನು ರೂಢಿಗೆ ತಂದರು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇದನ್ನು ಇವತ್ತಿಗೂ ಉಚಿತವಾಗಿ ಕೊಡುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿದವರ ತೊಂದರೆಯೂ ಅದೇ ಜಾತಿಯದು: ಮುಳ್ಳು ಚುಚ್ಚಿದರೂ ಗೊತ್ತಾಗದು, ಒಂದೇ ಜಾಗದ ಮೇಲೆ ಭಾರ ಬಿದ್ದು ಚರ್ಮ ಒಡೆದರೂ ಗೊತ್ತಾಗದು. ಎಂಸಿಆರ್ ಮಾಡುವ ಕೆಲಸವಿಷ್ಟೇ, ಒಂದೇ ಕಡೆ ಬೀಳುವ ಭಾರವನ್ನು ಅಂಗಾಲಿನ ಅಗಲಕ್ಕೆ ಹಂಚುವುದು.

ಸ್ಪರ್ಶವಿಲ್ಲದ ಪಾದಕ್ಕೆ ಬೇಕಾದ ಎಂಸಿಆರ್‌ನ ಗಡಸು ಶೋರ್ ‘ಎ’ ಅಳತೆಯಲ್ಲಿ (ಸಂಖ್ಯೆ ಕಮ್ಮಿಯಾದಷ್ಟೂ ರಬ್ಬರು ಮೆತ್ತಗೆ) 15ರ ಆಸುಪಾಸು ಇರಬೇಕು. ಡಬ್ಬದ ಮೇಲೆ ಈ ಸಂಖ್ಯೆ ಬರೆದಿರುವುದು ಅಪರೂಪ, ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ‘ಇದು ಒರಿಜಿನಲ್ ಎಂಸಿಆರ್ ಸಾರ್’ ಅಷ್ಟೇ. ಆದ್ದರಿಂದ ಕೈಯಿಂದಲೇ ಪರೀಕ್ಷೆ ಮಾಡಬೇಕು. ಪಾದ ಇಡುವ ಮೇಲಿನ ಪದರವನ್ನು ಅಂಚಿನಲ್ಲಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಗಟ್ಟಿಯಾಗಿ ಹಿಸುಕಿ. ದಪ್ಪ ಅರ್ಧದಷ್ಟು ಕುಗ್ಗಬೇಕು, ಬಿಟ್ಟ ತಕ್ಷಣ ಮೊದಲಿನಂತಾಗಬೇಕು. ಅರ್ಧಕ್ಕೆ ಕುಗ್ಗದಿದ್ದರೆ ಅದು ಹವಾಯಿ ಚಪ್ಪಲಿಗೆ ಹಾಕುವ ಗಡಸು ರಬ್ಬರು. ಪೂರ್ತಿ ಚಪ್ಪಟೆಯಾಗಿ ಬೆರಳಿಗೆ ಬೆರಳು ತಾಗಿದಂತಾದರೆ ಅದು ಬರೀ ಸ್ಪಂಜು, ಮೈಭಾರ ಬಿದ್ದ ಮೇಲೆ ಇದ್ದೂ ಇಲ್ಲದಂತೆ. ಇನ್ನು ಕೆಲವು ‘ಎಂಸಿಆರ್’ಗಳು ನಿಜಕ್ಕೂ ಇವಿಎ ಎಂಬ ಪ್ಲಾಸ್ಟಿಕ್ ಫೋಮ್. ಇವು ಹಗುರ, ಹೊಸದರಲ್ಲಿ ಇನ್ನೂ ಮೆತ್ತಗಿರುತ್ತವೆ. ದಿನಾ ಹಾಕಿದರೆ ಹಿಮ್ಮಡಿಯ ಜಾಗದಲ್ಲಿ ತಗ್ಗು ಬಿದ್ದು ಮತ್ತೆ ಮೇಲೇಳುವುದಿಲ್ಲ. ಹಗುರ ಬೇಕು, ಜೋಮು ಇಲ್ಲ ಅನ್ನುವವರಿಗೆ ಇವಿಎ ತಪ್ಪಲ್ಲ. ಎಂಸಿಆರ್ ಬೆಲೆ ಕೊಟ್ಟು ಇವಿಎ ತರುವುದು ತಪ್ಪು.

ಮೇಲೆ ಮೆತ್ತನೆಯ ಪದರ, ಕೆಳಗೆ ಗಟ್ಟಿ ರಬ್ಬರಿನ ಸೋಲ್, ಹೀಗೆ ಎರಡು ಪದರ ಇರಲೇಬೇಕು. ಇಡೀ ಚಪ್ಪಲಿ ಮೆತ್ತಗಿದ್ದರೆ ಜಲ್ಲಿಕಲ್ಲು, ಮೊಳೆ, ಗಾಜಿನ ಚೂರು ನೇರ ಒಳಗೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಾಲ ಕೆಳಗೆ ದಪ್ಪ ಮೆತ್ತೆ ಇದ್ದಷ್ಟೂ ನೆಲ ಹೇಗಿದೆ ಅನ್ನುವ ಸುಳಿವು ಪಾದಕ್ಕೆ ಕಡಿಮೆ ಸಿಗುತ್ತದೆ, ಪ್ರತಿ ಹೆಜ್ಜೆಗೂ ಕಣಕಾಲು ಒಂದಿಷ್ಟು ಓಲಾಡುತ್ತದೆ. ವಯಸ್ಸಾದವರಿಗೆ ಆ ಸುಳಿವು ಮೊದಲೇ ಕಮ್ಮಿ. ಅಂಗಡಿಯಲ್ಲಿ ನಿಂತಾಗ ‘ಅಬ್ಬಾ, ಎಷ್ಟು ಸುಖ’ ಅನ್ನಿಸಿದ ಚಪ್ಪಲಿಯೇ ಮನೆ ಮೆಟ್ಟಿಲಲ್ಲಿ ತೂಗಾಡಿಸುವುದು ಇದೇ ಕಾರಣಕ್ಕೆ. ಮೇಲಿನ ಪದರ ಸುಮಾರು 10 ಮಿಲಿಮೀಟರ್ ಸಾಕು. ಹಿಮ್ಮಡಿಯ ಒಟ್ಟು ಎತ್ತರ ಎರಡೂವರೆ ಸೆಂಟಿಮೀಟರ್ ದಾಟದಿದ್ದರೆ ಒಳ್ಳೆಯದು. ಚಪ್ಪಲಿಯ ಎರಡೂ ತುದಿ ಹಿಡಿದು ಬಗ್ಗಿಸಿ ನೋಡಿ. ಬೆರಳುಗಳ ಬುಡ ಬರುವ ಕಡೆ ಬಾಗಬೇಕು, ನಟ್ಟ ನಡುವೆ ಮಡಚಿಕೊಳ್ಳಬಾರದು. ಬಟ್ಟೆ ಹಿಂಡುವಂತೆ ತಿರುಚಿದಾಗ ಸುಲಭವಾಗಿ ತಿರುಗಿದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನು ಅಳತೆ. ಹಣ ದಂಡವಾಗುವುದು ಹೆಚ್ಚಾಗಿ ಇಲ್ಲಿಯೇ.

ವಯಸ್ಸಾದಂತೆ ಹಿಮ್ಮಡಿ ಮತ್ತು ಬೆರಳಬುಡದ ಕೆಳಗಿನ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ, ಪಾದದ ಕಮಾನು ಇಳಿಯುತ್ತದೆ, ಪಾದ ಉದ್ದವೂ ಅಗಲವೂ ಆಗುತ್ತದೆ. ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿ ಬುಡದಲ್ಲಿ ಗಂಟು ಏಳುತ್ತದೆ, ಉಳಿದ ಬೆರಳುಗಳು ಕೊಕ್ಕೆಯಂತೆ ಮಡಚುತ್ತವೆ. ಸಂಜೆ ಹೊತ್ತಿಗೆ ಕಾಲು ಊದುವುದು ಬೇರೆ. ಬಿಪಿಗೆ ಅಮ್ಲೋಡಿಪಿನ್ ಮಾತ್ರೆ ತಗೊಳ್ಳುವವರಲ್ಲಿ ಕಣಕಾಲಿನ ಊತ ಸಾಮಾನ್ಯ. ಹೀಗಿರುವಾಗ ‘ನಂದು ಮೊದಲಿನಿಂದಲೂ ಏಳನೇ ನಂಬರು’ ಅನ್ನುವ ಮಾತಿಗೆ ಅರ್ಥವಿಲ್ಲ. ಜೋಮು ಇರುವವರಲ್ಲಿ ಇನ್ನೊಂದು ವಿಚಿತ್ರ: ಸರಿಯಾದ ಅಳತೆಯ ಚಪ್ಪಲಿ ಅವರಿಗೆ ಸಡಿಲ ಅನ್ನಿಸುತ್ತದೆ. ಪಟ್ಟಿ ಬಿಗಿಯಾಗಿ ಒತ್ತಿದಾಗ ಮಾತ್ರ ಕಾಲಲ್ಲಿ ಏನೋ ಇದೆ ಅಂತ ಗೊತ್ತಾಗುವುದರಿಂದ, ಒಂದು ನಂಬರ್ ಕಮ್ಮಿಯದನ್ನೇ ಆರಿಸುತ್ತಾರೆ. ಅಪ್ಪನೋ ಅತ್ತೆಯೋ ‘ಇದೇ ಸರಿಯಾಗಿದೆ ಕಣಪ್ಪ’ ಅಂದರೂ ಜೊತೆಗೆ ಹೋದವರು ಕಣ್ಣಿಂದ ನೋಡಿ, ಬೆರಳಿಟ್ಟು ತೀರ್ಮಾನಿಸಬೇಕು.

ಅಳತೆ ತೆಗೆಯುವ ಕೆಲಸ ಮನೆಯಲ್ಲೇ, ಸಂಜೆ ಐದರ ಮೇಲೆ ಆಗಲಿ. ನೆಲದ ಮೇಲೆ ದಪ್ಪ ಕಾಗದ ಹಾಸಿ, ಹಿರಿಯರನ್ನು ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿಸಿ. ಕೂತು ತೆಗೆದ ಅಳತೆ ನಿಂತಾಗಿನದಕ್ಕಿಂತ ಚಿಕ್ಕದು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಿರಿ, ಓರೆ ಹಿಡಿದರೆ ಗೆರೆ ಪಾದದಡಿ ನುಸುಳುತ್ತದೆ. ಎರಡೂ ಪಾದ ತೆಗೆಯಿರಿ, ದೊಡ್ಡದೇ ಲೆಕ್ಕ. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕಿಲ್ಲ, ಹಲವರಿಗೆ ಪಕ್ಕದ ಬೆರಳೇ ಉದ್ದ. ಆ ಬೆರಳ ತುದಿಯಿಂದ ಮುಂದಕ್ಕೆ ಒಂದು ಸೆಂಟಿಮೀಟರ್ ಬಿಟ್ಟು ಗುರುತು ಹಾಕಿ, ಅದರಾಚೆಗೆ ಕತ್ತರಿಸಿ ಅಂಗಡಿಗೆ ಒಯ್ಯಿರಿ. ಚಪ್ಪಲಿಯ ಒಳ ಅಂಗಳದಲ್ಲಿ ಕಾಗದ ಮಡಚದೆ, ಅಂಚು ದಾಟದೆ ಕೂರಬೇಕು. ಆನ್‌ಲೈನ್‌ನಲ್ಲಿ ತರಿಸುವವರು ಇದೇ ಕಾಗದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು ಕಂಪನಿಯ ಪಟ್ಟಿಯೊಂದಿಗೆ ಹೋಲಿಸಿದರೆ ವಾಪಸು ಕಳಿಸುವ ತಾಪತ್ರಯ ಕಮ್ಮಿ. ಇಲ್ಲಿ ನಡೆಯುವ ಬ್ರಿಟಿಷ್ ನಂಬರಿನಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಅಂದರೆ ಒಂದು ನಂಬರ್ ಕಮ್ಮಿಯಾದರೆ ಮುಂದೆ ಬಿಡಬೇಕಾದ ಜಾಗ ಬಹುಪಾಲು ಮಾಯ. ಅರ್ಧ ನಂಬರ್ ಈ ಬಗೆಯ ಚಪ್ಪಲಿಯಲ್ಲಿ ಸಿಗುವುದು ತೀರಾ ಅಪರೂಪ. ಸಂದಿಗ್ಧವಿದ್ದರೆ ದೊಡ್ಡದು ತಗೊಂಡು ಪಟ್ಟಿಯಲ್ಲಿ ಬಿಗಿ ಮಾಡಿಕೊಳ್ಳುವುದೇ ದಾರಿ. ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಆಂಟಿ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಚರ್ಮದ ಪಟ್ಟಿ ಒಂದಿಷ್ಟು ಹಿಗ್ಗೀತು, ರಬ್ಬರಿನ ಸೋಲ್ ಉದ್ದಕ್ಕಾಗಲಿ ಅಗಲಕ್ಕಾಗಲಿ ಹಿಗ್ಗುವುದಿಲ್ಲ.

ಹಾಕಿಸಿ ನಿಲ್ಲಿಸಿದ ಮೇಲೆ ಬಗ್ಗಿ ನೋಡಬೇಕಾದ ಜಾಗಗಳಿವೆ. ಕಿರುಬೆರಳು ಅಂಚಿನಿಂದ ಹೊರಗೆ ಇಳಿದಿದೆಯೇ? ಹೆಬ್ಬೆರಳ ಗಂಟಿನ ಮೇಲೆ ಪಟ್ಟಿಯ ಹೊಲಿಗೆ ಬಂದಿದೆಯೇ? ಹೊಲಿಗೆ ಆ ಗಂಟಿನ ಮೇಲೇ ಕೂತರೆ ವಾರದೊಳಗೆ ಚರ್ಮ ಕೆಂಪಾಗುತ್ತದೆ. ಪಟ್ಟಿಯ ಒಳಮೈ ಬೆರಳಾಡಿಸಿದರೆ ನುಣ್ಣಗಿರಬೇಕು. ರಿವೆಟ್ ಹೊಡೆದಿದ್ದರೆ ಅದರ ತಲೆ ಒಳಗಡೆ ತಾಕಬಾರದು. ಹೆಬ್ಬೆರಳಿಗೆ ಸಿಕ್ಕಿಸುವ ಉಂಗುಟ ಇರುವ ಮಾದರಿಗಳು ಜೋಮು ಇರುವವರಿಗೆ ಬೇಡವೇ ಬೇಡ. ಬೆರಳ ಸಂದಿಯಲ್ಲಿ ಗಾಯವಾದರೆ ಅವರಿಗೆ ತಿಳಿಯುವುದು ರಕ್ತವೋ ಕೀವೋ ಕಂಡ ಮೇಲೆಯೇ. ಕಾಲುಂಗುರ ಹಾಕುವ ಅಜ್ಜಿಯರಲ್ಲಿ ಪಟ್ಟಿ ಉಂಗುರವನ್ನು ಒತ್ತುತ್ತಿದೆಯೇ ಅನ್ನುವುದನ್ನೂ ನೋಡಿ. ಊದಿದ ಬೆರಳಿಗೆ ಉಂಗುರ ಮತ್ತು ಪಟ್ಟಿ ಎರಡೂ ಸೇರಿ ಕಚ್ಚುತ್ತವೆ.

ಹಿಂಪಟ್ಟಿಗೆ ಇಷ್ಟು ಒತ್ತು ಯಾಕೆ? ಹಿಂದೆ ಹಿಡಿತವಿಲ್ಲದ ಚಪ್ಪಲಿ ಕಾಲಿಂದ ಜಾರದಿರಲು ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಕಚ್ಚಿ ಹಿಡಿಯಬೇಕು. ಹಾಗೆ ಹಿಡಿದು ಹಿಡಿದು ಬೆರಳ ತುದಿಗೆ, ಗಿಣ್ಣಿನ ಮೇಲೆ ಆಣಿ ಬೀಳುತ್ತದೆ. ಕಾಲು ಎತ್ತಿ ಇಡುವ ಬದಲು ಎಳೆದುಕೊಂಡು ನಡೆಯುವ ಅಭ್ಯಾಸವಾಗುತ್ತದೆ, ಎಳೆಯುವ ಕಾಲಿಗೆ ಹೊಸ್ತಿಲು ತಾಗುತ್ತದೆ. ಮೆಟ್ಟಿಲಿಳಿಯುವಾಗ ಚಪ್ಪಲಿಯ ಹಿಂಬದಿ ಮೇಲಿನ ಮೆಟ್ಟಿಲಿಗೆ ಸಿಕ್ಕಿ ಪಾದ ಮಾತ್ರ ಮುಂದೆ ಹೋಗುವುದೂ ಉಂಟು. ಹಿಂಪಟ್ಟಿ ಎಲಾಸ್ಟಿಕ್‌ನದ್ದಾದರೆ ಕೆಲವೇ ತಿಂಗಳಿಗೆ ಜೋಲುತ್ತದೆ. ವೆಲ್ಕ್ರೋ ಇಲ್ಲವೇ ಬಕಲ್ ಇರುವುದೇ ಬಾಳುತ್ತದೆ, ಬೆರಳಿನ ಕೀಲುನೋವು ಇರುವವರಿಗೆ ಬಕಲ್‌ಗಿಂತ ವೆಲ್ಕ್ರೋ ಹಿತ. ಮುಂದಿನ ಎರಡು ಪಟ್ಟಿಗಳೂ ವೆಲ್ಕ್ರೋ ಆಗಿದ್ದರೆ ಬೆಳಗಿನ ಕಾಲಿಗೊಂದು ಬಿಗಿ, ಊದಿದ ಸಂಜೆಯ ಕಾಲಿಗೊಂದು ಬಿಗಿ ಇಟ್ಟುಕೊಳ್ಳಬಹುದು.

ಆದರೆ ಯಾವ ಮನೆಯ ಚಪ್ಪಲಿ ಗೂಡನ್ನೇ ನೋಡಿ, ಹಿಂಪಟ್ಟಿ ಚಪ್ಪಟೆಯಾಗಿ ಒಳಗೆ ಮಡಚಿಕೊಂಡು ಅದರ ಮೇಲೆ ಹಿಮ್ಮಡಿಯ ಗುರುತು ಬಿದ್ದಿರುತ್ತದೆ. ಬಗ್ಗಿ ಹಾಕಿಕೊಳ್ಳಲು ಆಗದೆ ಪಟ್ಟಿಯನ್ನೇ ತುಳಿದುಕೊಂಡು ಹೋಗಿರುತ್ತಾರೆ. ಆಗ ಹಿಡಿತವೂ ಇಲ್ಲ, ಸಾಲದ್ದಕ್ಕೆ ಹಿಮ್ಮಡಿಯ ಕೆಳಗೆ ಒಂದು ಏಣು ಬೇರೆ. ಇದು ಚಪ್ಪಲಿಯ ದೋಷವಲ್ಲ, ಬಾಗಿಲ ಬಳಿ ಕೂರಲು ಜಾಗವಿಲ್ಲದ್ದರ ದೋಷ. ಕೈಯಿರುವ ಗಟ್ಟಿ ಕುರ್ಚಿಯೊಂದನ್ನು ಬಾಗಿಲ ಪಕ್ಕ ಹಾಕಿ. ಕಾಲಿಡಲು ಒಂದಡಿ ಎತ್ತರದ ಮಣೆಯೋ ಸ್ಟೂಲೋ ಇದ್ದರೆ ಮಂಡಿನೋವಿನವರೂ ತಾವೇ ಪಟ್ಟಿ ಹಾಕಿಕೊಳ್ಳುತ್ತಾರೆ. ಉದ್ದ ಹಿಡಿಯ ಶೂ ಹಾರ್ನ್ ಸಿಕ್ಕರೆ ಇನ್ನೂ ಸಲೀಸು. ಕೊಳ್ಳುವಾಗಲೇ ಹಿಂಪಟ್ಟಿಯನ್ನು ಹಿರಿಯರ ಕೈಯಲ್ಲೇ ಹಾಕಿಸಿ, ತೆಗೆಸಿ ನೋಡಿ. ಮಗನೋ ಸೊಸೆಯೋ ಹಾಕಿಕೊಟ್ಟರೆ ಪರೀಕ್ಷೆ ಆದಂತಲ್ಲ.

ಹಿಡಿತದ ವಿಷಯದಲ್ಲಿ ಈ ಚಪ್ಪಲಿಗಳಿಗೆ ಪೂರ್ತಿ ಅಂಕ ಕೊಡಲಾಗುವುದಿಲ್ಲ. ಮೇಲಿನ ಮೆತ್ತೆಗೆ ಖರ್ಚು ಮಾಡಿದವರು ಕೆಳಗಿನ ಸೋಲಿಗೆ ಜಿಪುಣತನ ತೋರಿಸಿರುತ್ತಾರೆ. ಅಗ್ಗದ ಜೋಡಿಗಳಲ್ಲಿ ಕೆಳಗಿನ ಗೀರುಗಳು ಎಷ್ಟು ಆಳವಿಲ್ಲವೆಂದರೆ ಹಿಮ್ಮಡಿಯ ಹೊರ ಅಂಚು ಬೇಗನೆ ಸವೆದು ನುಣುಪಾಗುತ್ತದೆ. ಬೆಂಗಳೂರಿನ ಮನೆಗಳ ನೆಲವೋ, ಹಳೇ ಮನೆಯಾದರೆ ವರ್ಷಗಟ್ಟಲೆ ಒರೆಸಿ ಕನ್ನಡಿಯಾದ ರೆಡ್ ಆಕ್ಸೈಡ್, ಹೊಸದಾದರೆ ವಿಟ್ರಿಫೈಡ್ ಟೈಲ್ಸ್, ಮೆಟ್ಟಿಲಿಗೆ ಪಾಲಿಶ್ ಮಾಡಿದ ಗ್ರಾನೈಟ್. ಒಣಗಿದ್ದಾಗ ಎಲ್ಲವೂ ಸರಿ, ನೀರು ಬಿದ್ದರೆ ಎಲ್ಲವೂ ಜಾರುಬಂಡೆ. ಬಾಗಿಲಲ್ಲಿ ಬೆಳಗ್ಗೆ ಹಾಕಿದ ರಂಗೋಲಿ ಪುಡಿ ಗ್ರಾನೈಟಿನ ಮೇಲೆ ಸೋಲಿಗೆ ಅಂಟಿದರೂ ಜಾರುತ್ತದೆ. ರಂಗೋಲಿಯನ್ನು ನಡೆಯುವ ದಾರಿಯಿಂದ ಒಂದಡಿ ಪಕ್ಕಕ್ಕೆ ಸರಿಸಿದರೆ ಲಕ್ಷ್ಮಿಯೇನೂ ಕೋಪಿಸಿಕೊಳ್ಳುವುದಿಲ್ಲ. ಸೋಲಿನ ಗೀರುಗಳು ಅಡ್ಡಡ್ಡಕ್ಕೆ, ಅಂಚಿನವರೆಗೂ ತೆರೆದುಕೊಂಡಿರಬೇಕು. ಆಗ ಕಾಲಡಿಯ ನೀರು ಹೊರಹೋಗಲು ದಾರಿ ಇರುತ್ತದೆ. ಹಿಮ್ಮಡಿಯ ಹಿಂಬದಿ ಕೆಳ ಅಂಚು ಚೂಪಾಗಿರದೆ ಸುಮಾರು 10 ಡಿಗ್ರಿ ಓರೆಯಾಗಿದ್ದರೆ ಹೆಜ್ಜೆ ಊರುವ ಗಳಿಗೆಯಲ್ಲಿ ಹೆಚ್ಚು ಜಾಗ ನೆಲಕ್ಕೆ ತಾಗುತ್ತದೆ, ಜಾರುವುದು ಕಮ್ಮಿ. ಮುಂಬದಿ ತುದಿ ತುಸು ಮೇಲೆದ್ದಿರಬೇಕು. ದಪ್ಪಗೆ ನೆಲಕ್ಕೆ ಒತ್ತಿಕೊಂಡ ಮೂತಿ ಫುಟ್‌ಪಾತಿನ ಎದ್ದ ಚಪ್ಪಡಿಗೆ ಮೊದಲು ಸಿಗುತ್ತದೆ.

ಹೊಸ ಚಪ್ಪಲಿಯನ್ನು ಮೊದಲ ದಿನವೇ ಲಾಲ್‌ಬಾಗಿಗೆ ಹಾಕಿಕೊಂಡು ಹೋಗುವಂತಿಲ್ಲ. ಮೊದಲ ದಿನ ಮನೆಯಲ್ಲಿ ಅರ್ಧ ಗಂಟೆ. ತೆಗೆದ ತಕ್ಷಣ ಪಾದದ ಮೇಲೆ, ಬದಿ, ಬೆರಳ ಸಂದಿ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಆ ಜಾಗದಲ್ಲಿ ಒತ್ತುತ್ತಿದೆ ಅಂತ ಅರ್ಥ. ಪಟ್ಟಿ ಸಡಿಲಿಸಿ ಮತ್ತೆ ನೋಡಿ, ಹಾಗೂ ಆದರೆ ಬದಲಾಯಿಸಿ. ಇದಕ್ಕೇ ಬಿಲ್ಲು ಜೋಪಾನವಾಗಿರಲಿ, ಸೋಲ್ ಕೊಳೆಯಾಗದಿರಲಿ. ಗುರುತಿಲ್ಲದಿದ್ದರೆ ದಿನಕ್ಕೆ ಒಂದು ಗಂಟೆಯಂತೆ ಏರಿಸಿ. ಅಂಗಾಲು ಕಾಣಲು ಬಗ್ಗಲಾಗದವರು ನೆಲದ ಮೇಲೆ ಒಂದು ಕೈಗನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿದರೆ ಸಾಕು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಮೊದಲು ಕೈಕೊಡುವುದು ಎಂಸಿಆರ್ ಅಲ್ಲ, ಗೋಂದು. ಮಳೆಯಲ್ಲಿ ನೆನೆದು, ಆಮೇಲೆ ‘ಬೇಗ ಒಣಗಲಿ’ ಅಂತ ಬಿಸಿಲಿಗೋ ಗ್ಯಾಸ್ ಒಲೆಯ ಪಕ್ಕಕ್ಕೋ ಇಟ್ಟರೆ ಎರಡು ಪದರದ ನಡುವೆ ಬಾಯಿ ಬಿಡುತ್ತದೆ. ಫ್ಯಾನಿನ ಗಾಳಿಗೆ ನೆರಳಲ್ಲಿ ಒಣಗಿಸಬೇಕು. ಬಾಯಿ ಬಿಟ್ಟಾಗ ರಸ್ತೆ ಮೂಲೆಯ ಚಪ್ಪಲಿ ರಿಪೇರಿಯವರ ಹತ್ತಿರ ಹೋಗುವುದು ಸರಿಯೇ, ಆದರೆ ಮೊದಲೇ ಹೇಳಿಬಿಡಿ: ‘ಅಣ್ಣ, ಮೊಳೆ ಹೊಡೀಬೇಡಿ, ಗಮ್ ಹಾಕಿ ಹೊಲಿದುಕೊಡಿ.’ ಅಭ್ಯಾಸಬಲದಿಂದ ನಾಲ್ಕು ಸಣ್ಣ ಮೊಳೆ ಬಡಿದುಬಿಡುತ್ತಾರೆ. ಮೆತ್ತನೆ ರಬ್ಬರು ಸವೆದಂತೆ ಮೊಳೆಯ ತುದಿ ಮೇಲೇಳುತ್ತದೆ, ಜೋಮು ಹಿಡಿದ ಹಿಮ್ಮಡಿಗೆ ಅದು ತಿಳಿಯುವುದೇ ಇಲ್ಲ. ಕುಷ್ಠರೋಗಿಗಳ ಚಪ್ಪಲಿಯಲ್ಲಿ ಮೊಳೆ ಬಳಸಬಾರದು ಅನ್ನುವುದು ಮೊದಲಿಂದಲೂ ಇರುವ ನಿಯಮ, ಕಾರಣ ಇದೇ. ಹಾಕುವ ಮುನ್ನ ಪ್ರತಿಸಲ ಚಪ್ಪಲಿ ಬೋರಲು ಹಾಕಿ ತಟ್ಟಿ, ಒಳಗೆ ಅಂಗೈ ಸವರುವ ರೂಢಿಯೂ ಬೇಕು. ವೆಲ್ಕ್ರೋ ಹಿಡಿಯುತ್ತಿಲ್ಲ ಅಂತ ಹೊಸದು ಕೊಳ್ಳುವ ಅಗತ್ಯವಿಲ್ಲ. ಕೊಕ್ಕೆಯಿರುವ ಭಾಗದಲ್ಲಿ ಕೂದಲು, ನೂಲು ತುಂಬಿರುತ್ತದೆ, ಹಳೇ ಟೂತ್‌ಬ್ರಷ್‌ನಿಂದ ಕೆರೆದರೆ ಮತ್ತೆ ಹಿಡಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಹಿಮ್ಮಡಿಯ ಜಾಗವೂ ಅಂಚಿನ ಜಾಗವೂ ಒಂದೇ ತರಹ ಕುಗ್ಗದಿದ್ದರೆ, ಅಥವಾ ಹಿಂದಿನಿಂದ ನೋಡಿದಾಗ ಚಪ್ಪಲಿ ಒಂದು ಬದಿಗೆ ವಾಲಿದ್ದರೆ ಅದರ ಆಯುಸ್ಸು ಮುಗಿದಿದೆ. ಮೇಲಿನ ಪಟ್ಟಿ ಎಷ್ಟೇ ಹೊಸದಾಗಿ ಕಂಡರೂ ಸರಿ.

ಬೆಂಗಳೂರಿನ ಮನೆಗಳಲ್ಲಿ ಇನ್ನೊಂದು ತೊಡಕು ಸಂಪ್ರದಾಯದ್ದು. ಚಪ್ಪಲಿ ಹೊರಗೇ ಬಿಡಬೇಕು. ವಯಸ್ಸಾದವರು ದಿನದ ಹೆಚ್ಚು ಹೊತ್ತು ಇರುವುದು, ಎಡವಿ ಬೀಳುವುದು ಕೂಡ ಮನೆಯೊಳಗೇ. ಹೊರಗೆ ಹೋಗುವ ಅರ್ಧ ಗಂಟೆಗೆ ಸಾವಿರ ರೂಪಾಯಿಯ ಚಪ್ಪಲಿ, ಉಳಿದ ಹೊತ್ತು ಟೈಲ್ಸಿನ ಮೇಲೆ ಬರಿಗಾಲು. ಒಳಗಿಗೆಂದೇ ಎರಡನೇ ಜೋಡಿ ಇಡಿ. ಹೊಸ್ತಿಲು ದಾಟದ, ಬೇರೆ ಬಣ್ಣದ ಜೋಡಿ. ದೇವರ ಕೋಣೆಯ ಮುಂದೆ ಬಿಟ್ಟು ಹೋಗಬಹುದು. ಅದಕ್ಕೂ ಹಿಂಪಟ್ಟಿ ಬೇಕು. ಬಚ್ಚಲಿಗೆ ಮಾತ್ರ ಈ ಚಪ್ಪಲಿ ಬೇಡ, ಒಳಪದರದ ಬಟ್ಟೆ ನೀರು ಕುಡಿದು ಬೆರಳ ಸಂದಿ ಒದ್ದೆಯಾಗಿಯೇ ಉಳಿದು ಕೆರೆತ ಹತ್ತುತ್ತದೆ. ಅಲ್ಲಿಗೆ ಹಿಡಿತವಿರುವ ರಬ್ಬರ್ ಮ್ಯಾಟು, ಗೋಡೆಗೆ ಹಿಡಿಕೆ. ದೇವಸ್ಥಾನದ ಪ್ರಾಕಾರದ ಕಲ್ಲು ಮಾರ್ಚ್‌ನಿಂದ ಮೇವರೆಗೆ ನಡುಹಗಲಲ್ಲಿ ಪಾದ ಸುಡುತ್ತದೆ. ಜೋಮು ಇರುವವರು ಸುಟ್ಟ ಬೊಬ್ಬೆಯನ್ನು ಮನೆಗೆ ಬಂದ ಮೇಲೆ ನೋಡುತ್ತಾರೆ. ಬಸವನಗುಡಿಯ ದೊಡ್ಡ ಗಣಪತಿಗಾಗಲಿ ಇನ್ನೆಲ್ಲಿಗಾಗಲಿ ಬಿಸಿಲೇರುವ ಮೊದಲೇ ಹೋಗಿ, ಜೇಬಲ್ಲಿ ಒಂದು ಜೊತೆ ದಪ್ಪ ಹತ್ತಿ ಸಾಕ್ಸ್ ಇರಲಿ. ನುಣ್ಣನೆ ನೆಲದ ಮೇಲೆ ಸಾಕ್ಸ್ ಜಾರುತ್ತದೆ, ಒರಟು ಕಲ್ಲಿನ ಮೇಲಷ್ಟೇ ಅದರ ಉಪಯೋಗ.

ಪಕ್ಕದಲ್ಲೇ ತೂಗುಹಾಕಿರುವ ಬೇರೆ ಸರಕುಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಮುಳ್ಳುಮುಳ್ಳು ಅಕ್ಯುಪ್ರೆಶರ್ ಚಪ್ಪಲಿ: ಸಕ್ಕರೆ ಕಾಯಿಲೆಯವರು ಮುಟ್ಟಲೇಬಾರದು. ಎಂಸಿಆರ್ ಭಾರವನ್ನು ಹಂಚಿದರೆ ಇದು ಚುಕ್ಕಿಚುಕ್ಕಿಯಾಗಿ ಒತ್ತುತ್ತದೆ. ತೂತುತೂತಿನ ಫೋಮ್ ಕ್ಲಾಗ್: ಹಗುರ, ತೊಳೆಯಲು ಸುಲಭ, ಪಟ್ಟಿಯನ್ನು ಹಿಂದಕ್ಕೆ ಹಾಕಿದರೆ ಮನೆಯೊಳಗೆ ನಡೆದೀತು. ಮೆಟ್ರೋ ಎಸ್ಕಲೇಟರಿನ ಬದಿಗೆ ಇದರ ಮೆತ್ತನೆ ಅಂಚು ಸಿಕ್ಕಿಕೊಳ್ಳುವ ಅಪಾಯವಿದೆ, ಲಿಫ್ಟ್ ಹಿಡಿಯಿರಿ. ಹಿಮ್ಮಡಿಯ ಸಿಲಿಕೋನ್ ಕಪ್: ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ನೋಯುವವರಿಗೆ ಶೂ ಒಳಗೆ ಹಾಕಲು ಒಳ್ಳೆಯದು, ಚಪ್ಪಲಿಯಲ್ಲಿ ನಿಲ್ಲುವುದಿಲ್ಲ. ಮೆಡಿಕಲ್ ಶಾಪಿನ ಆಣಿ ಪಟ್ಟಿಯಲ್ಲಿ ಇರುವುದು ಸ್ಯಾಲಿಸಿಲಿಕ್ ಆಮ್ಲ. ಅದು ಆಣಿಯ ಜೊತೆ ಸುತ್ತಲಿನ ಚರ್ಮವನ್ನೂ ಸುಡುತ್ತದೆ, ಜೋಮು ಇರುವವರಲ್ಲಿ, ರಕ್ತಸಂಚಾರ ಕಮ್ಮಿ ಇರುವವರಲ್ಲಿ ಹುಣ್ಣಾಗುವುದು ಹೀಗೆಯೇ. ಒಡೆದ ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ರಾತ್ರಿ ಹಚ್ಚಿ, ಬೆರಳ ಸಂದಿಗೆ ಬೇಡ. ಬ್ಯೂಟಿ ಪಾರ್ಲರಿನ ಪೆಡಿಕ್ಯೂರ್‌ನಲ್ಲಿ ಬ್ಲೇಡಿಂದ ಹೆರೆಯುವುದಕ್ಕೆ ಕಡ್ಡಾಯವಾಗಿ ಬೇಡ ಅನ್ನಿ.

ವಾಕಿಂಗ್ ಶೂ ಜೊತೆ ಹೋಲಿಸಿದರೆ? ಪಾದದಲ್ಲಿ ಜೋಮಿಲ್ಲ, ಬಗ್ಗಲು ಆಗುತ್ತದೆ, ಕೃಷ್ಣರಾವ್ ಪಾರ್ಕಿನಲ್ಲೋ ಸ್ಯಾಂಕಿ ಕೆರೆ ಸುತ್ತಲೋ ದಿನಾ ಮುಕ್ಕಾಲು ಗಂಟೆ ನಡೆಯುತ್ತೇವೆ ಅನ್ನುವವರಿಗೆ ವೆಲ್ಕ್ರೋ ಇರುವ ಶೂ ಇದಕ್ಕಿಂತ ಮೇಲು. ಹಿಮ್ಮಡಿಯನ್ನು ಮೂರೂ ಕಡೆಯಿಂದ ಹಿಡಿಯುತ್ತದೆ. ದಿನಕ್ಕೆ ಹತ್ತು ಸಲ ಬಾಗಿಲು ದಾಟುವವರು, ಹಾಲು, ತರಕಾರಿ, ದೇವಸ್ಥಾನ ಅಂತ ಓಡಾಡುವವರು ಶೂ ಹಾಕುವುದಿಲ್ಲ. ಗೂಡಿನಲ್ಲಿ ಕೂತ ಒಳ್ಳೆಯ ಶೂಗಿಂತ ಕಾಲಲ್ಲಿರುವ ಸಾಧಾರಣ ಚಪ್ಪಲಿ ಉಪಯೋಗಕ್ಕೆ ಬರುತ್ತದೆ. ಐದಕ್ಕೆ ಹಿಂಪಟ್ಟಿಯ ಎಂಸಿಆರ್‌ಗೆ ನಾಲ್ಕು, ಹಿಂಪಟ್ಟಿ ಇಲ್ಲದ್ದಕ್ಕೆ ಎರಡು. ಒಂದಂಕ ಕಳೆದದ್ದು ಒದ್ದೆ ನೆಲದ ಹಿಡಿತಕ್ಕೆ.

ಚಪ್ಪಲಿ ಜೊತೆ ಊರುಗೋಲು ಕೊಳ್ಳುವವರು ಒಂದು ವಿಷಯ ಗಮನಿಸಿ: ಚಪ್ಪಲಿ ಹಾಕಿಕೊಂಡೇ ಕೋಲಿನ ಎತ್ತರ ಹೊಂದಿಸಬೇಕು. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಹಿಡಿಯುವುದು ನೋವಿರುವ ಕಾಲಿನ ಎದುರು ಕೈಯಲ್ಲಿ. ನಮ್ಮಲ್ಲಿ ಬಹಳ ಮಂದಿ ನೋವಿರುವ ಕಡೆಯೇ ಹಿಡಿದು ಇನ್ನಷ್ಟು ವಾಲುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರ್ ಬುಷ್‌ನ ಗೀರು ಸವೆದರೆ ಕೋಲೇ ಜಾರುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಸುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಬುಷ್ ಬಿಡಿಯಾಗಿ ಸಿಗುತ್ತದೆ, ಕೋಲಿನ ವ್ಯಾಸ ಬೇರೆಬೇರೆ ಇರುವುದರಿಂದ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ನಾಲ್ಕು ಕಾಲಿನ ಕೋಲು ಸಮತಟ್ಟಾದ ಮನೆಯೊಳಗೆ ಚೆನ್ನ, ನಮ್ಮ ಫುಟ್‌ಪಾತಿನಲ್ಲಿ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವುದೇ ಅನುಮಾನ. ಬಿಪಿಎಲ್ ಕಾರ್ಡ್ ಇರುವ 60 ದಾಟಿದವರಿಗೆ ಕೋಲು, ವಾಕರ್ ಮುಂತಾದವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೃತಕ ಅಂಗ ತಯಾರಿಸುವ ಸರ್ಕಾರಿ ಕಂಪನಿ ಅಲಿಮ್ಕೋ ಮೂಲಕ ಉಚಿತವಾಗಿ ಕೊಡುತ್ತಾರೆ. 2017ರಿಂದ ಇದು ಶಿಬಿರಗಳ ಮೂಲಕ ನಡೆಯುತ್ತಿದೆ.

ಅಂಗಡಿಯ ಯಾವ ಎಂಸಿಆರ್ ಕೂಡ ಸಾಲದ ಕಾಲುಗಳಿವೆ. ಹಿಂದೆ ಒಮ್ಮೆಯಾದರೂ ಅಂಗಾಲಿನಲ್ಲಿ ಹುಣ್ಣಾಗಿದ್ದವರು, ಬೆರಳು ತೆಗೆಸಿದವರು, ಪಾದದ ಆಕಾರವೇ ಬದಲಾದವರು ಅಳತೆ ಕೊಟ್ಟು ಮಾಡಿಸಿದ್ದನ್ನೇ ಹಾಕಬೇಕು. ಅಲ್ಲಿ ಪಾದದ ಅಚ್ಚು ತೆಗೆದು ಭಾರ ಎಲ್ಲಿ ಬೀಳುತ್ತದೆ ಅಂತ ನೋಡಿ, ಆ ಜಾಗಕ್ಕೆ ತಕ್ಕಂತೆ ಒಳಪದರ ಕೊರೆಯುತ್ತಾರೆ. ಜೋಮು ಇದೆಯೋ ಇಲ್ಲವೋ ಗೊತ್ತಿಲ್ಲದವರು ಮೊದಲು 10 ಗ್ರಾಂ ಮಾನೊಫಿಲಮೆಂಟ್ ಪರೀಕ್ಷೆ ಮಾಡಿಸಿಕೊಳ್ಳಲಿ. ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿನ ಹಲವು ಕಡೆ ಬಾಗುವಷ್ಟು ಒತ್ತುತ್ತಾರೆ, ತಾಗಿದ್ದು ಗೊತ್ತಾಯಿತೇ ಅಂತ ಕೇಳುತ್ತಾರೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಜಯನಗರದ ಕಡೆ ನಿಮ್ಹಾನ್ಸ್ ಸಮೀಪವಿರುವ, ಮೊದಲು ಕರ್ನಾಟಕ ಡಯಾಬಿಟಾಲಜಿ ಸಂಸ್ಥೆ ಎಂದಿದ್ದ ಸರ್ಕಾರಿ ಸಂಸ್ಥೆಯಲ್ಲಿ ಪಾದಕ್ಕೆಂದೇ ಪೊಡಿಯಾಟ್ರಿ ವಿಭಾಗವಿದೆ. ಒಂದು ಪಾದ ಮಾತ್ರ ಇದ್ದಕ್ಕಿದ್ದಂತೆ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ನೋವಿಲ್ಲದೆಯೇ ಊದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ, ಗಾಯದಿಂದ ವಾಸನೆ ಬರುತ್ತಿದ್ದರೆ ಚಪ್ಪಲಿ ಅಂಗಡಿಗಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಹಳೇ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅದು ಎಲ್ಲಿ ಸವೆದಿದೆ ಅನ್ನುವುದನ್ನು ಡಾಕ್ಟರು ಕೇಳಿಯೇ ಕೇಳುತ್ತಾರೆ.